ಬೆಟ್ಟದ ಮೇಲೆ ಗೋಪಾಲ, ಬುಡದಲ್ಲಿ ಶರಣರ ನೆಲ



ಗುಂಡ್ಲುಪೇಟೆಯಿಂದ ಊಟಿಯ ಹೆದ್ದಾರಿ ಹಿಡಿದು ದಕ್ಷಿಣಾಭಿಮುಖವಾಗಿ ಹೊರಟರೆ ಹಂಗಳವೆಂಬ ಗ್ರಾಮವು ಎದುರಾಗುತ್ತದೆ. ಅಲ್ಲಿ ಬಲಕ್ಕೆ ಒಡೆಯುವ ದಾರಿಯು ಅರಿಸಿನ, ಜೋಳ, ಚೆಂಡುಹೂ, ಸೂರ್ಯಕಾಂತಿಗಳ ಹೊಲಗಳನ್ನು ಹಾದು ಕಾಡಿನ ಅಂಚನ್ನು ಮುಟ್ಟುತ್ತದೆ. ಕಣ್ಣೆತ್ತಿದರೆ ಮಂಜಿನ ಮುಸುಕು ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸಮುದ್ರಮಟ್ಟದಿಂದ 1,454 ಮೀಟರ್, ಹಳೆಯ ಲೆಕ್ಕದಲ್ಲಿ 4,770 ಅಡಿ ಎತ್ತರವುಳ್ಳ ಈ ಗಿರಿಯು ಬಂಡೀಪುರದ ಅರಣ್ಯದಲ್ಲೆಲ್ಲ ಅತ್ಯಂತ ಎತ್ತರವಾದುದು. ಖಾಸಗಿ ವಾಹನಗಳು ಬುಡದಲ್ಲಿಯೇ ನಿಲ್ಲಬೇಕು. ಅಲ್ಲಿಂದ ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸು. ಶ್ರಾವಣದ ಶನಿವಾರಗಳಲ್ಲಿ ಆ ಬಸ್ಸಿಗಾಗಿ ನಿಲ್ಲುವ ಸಾಲಿನಲ್ಲಿ ನಾಮ ಧರಿಸಿದವರೊಡನೆ ಹಣೆತುಂಬ ವಿಭೂತಿ ಧರಿಸಿದವರೂ ಕಾಣಸಿಗುತ್ತಾರೆ.

ಲಿಂಗವಂತರ ಮನೆಗಳಿಗೆಂದು ಹೊರಡುವ ಈ ಪತ್ರಿಕೆಯಲ್ಲಿ ವೇಣುಗೋಪಾಲನ ಬೆಟ್ಟದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆ ಸೀಮೆಯವರನ್ನು ಕೇಳಿದರೆ ಉತ್ತರ ಸುಲಭ. ಮಲೆಯ ಮಾದಪ್ಪನಿಗೆ ಹರಕೆ ಹೊತ್ತು ಕಾಲ್ನಡೆಯಲ್ಲಿ ಹೋಗುವ ಮನೆಯವರೇ ಗೋಪಾಲಸ್ವಾಮಿಗೂ ಕೈಮುಗಿಯುತ್ತಾರೆ. ಎರಡರ ನಡುವೆ ಅವರಿಗೆ ವಿರೋಧವೇನೂ ತೋರುವುದಿಲ್ಲ. ಇಷ್ಟಲಿಂಗನಿಷ್ಠೆಯ ದೃಷ್ಟಿಯಿಂದ ಇದು ಸರಿಯೇ ಎಂಬ ಚರ್ಚೆ ಈ ಅಂಕಣದ್ದಲ್ಲ. ಇಲ್ಲಿ ಹೇಳಬೇಕಾದ ಮಾತು ಬೇರೆಯಿದೆ. ಬೆಟ್ಟಕ್ಕೆ ಹೋಗುವ ನಮ್ಮ ಕುಟುಂಬಗಳು ಮಂಜು ನೋಡಿ, ತೀರ್ಥ ಸೇವಿಸಿ, ಚಿತ್ರ ತೆಗೆದುಕೊಂಡು ಹಿಂದಿರುಗುತ್ತವೆ. ಆ ಬೆಟ್ಟದ ಸುತ್ತ ಹರಡಿರುವ ಹಂಗಳ, ತೆರಕಣಾಂಬಿ, ಹರದನಹಳ್ಳಿಗಳು ನಮ್ಮ ಪರಂಪರೆಯಲ್ಲಿ ಎಂಥ ಸ್ಥಾನವುಳ್ಳವು ಎಂಬುದು ಅವರ ಗಮನಕ್ಕೇ ಬರುವುದಿಲ್ಲ. ಹೇಳುವವರು ಕಡಿಮೆಯಾಗುತ್ತಿದ್ದಾರೆ, ಬರೆದಿಟ್ಟವರಂತೂ ಇನ್ನೂ ಕಡಿಮೆ.

ಮೊದಲು ಬೆಟ್ಟದ ಮೇಲಿನ ಕಥೆಯನ್ನು ನೋಡೋಣ. ಪೌರಾಣಿಕರು ಇದನ್ನು ಕಮಲಾಚಲವೆಂದೂ ದಕ್ಷಿಣ ಗೋವರ್ಧನಗಿರಿಯೆಂದೂ ಕರೆದರು. ಅಗಸ್ತ್ಯರ ತಪಸ್ಸಿಗೆ ಒಲಿದು ಸ್ವಾಮಿಯು ಇಲ್ಲಿ ನೆಲೆಸಿದನೆಂದೂ ಹಂಸತೀರ್ಥದಲ್ಲಿ ಮುಳುಗಿದ ಕಾಗೆಯೊಂದು ಹಂಸವಾಗಿ ಎದ್ದಿತೆಂದೂ ಸ್ಥಳಪುರಾಣ. ಆದಕಾರಣ ಬೆಟ್ಟದ ಮೇಲೆ ಕಾಗೆ ಸುಳಿಯುವುದಿಲ್ಲ ಎಂಬ ಮಾತು ಸುತ್ತಲಿನ ಊರುಗಳಲ್ಲಿ ಇಂದಿಗೂ ಇದೆ. ಗರ್ಭಗುಡಿಯಲ್ಲಿ ಕೊಳಲೂದುವ ಗೋಪಾಲ. ವರ್ಷದ ಬಹುಭಾಗ ಮಂಜು ಕವಿದಿರುವುದರಿಂದ ಒಳಗೆಲ್ಲ ತಂಪು, ತೇವ. ಹಿಮವದ್ ಎಂಬ ವಿಶೇಷಣವು ಹುಟ್ಟಿದ್ದು ಹೀಗೆ.

ಪುರಾಣದಿಂದ ಇತಿಹಾಸಕ್ಕೆ ಇಳಿದರೆ ನಮಗೆ ಸಿಗುವವರು ದಣ್ಣಾಯಕರು. ದೇವಾಲಯವು ಹೊಯ್ಸಳ ದೊರೆ ಮುಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1315ರಲ್ಲಿ ನಿರ್ಮಾಣವಾಯಿತೆಂದು ಹೇಳುತ್ತಾರೆ. ಈ ಇಸವಿಯನ್ನು ಸ್ವಲ್ಪ ಯೋಚಿಸಿ ನೋಡಬೇಕು. ಅದಕ್ಕೆ ನಾಲ್ಕು ವರ್ಷ ಮೊದಲು, 1311ರಲ್ಲಿ, ದೆಹಲಿಯ ಸೇನಾಪತಿ ಮಲಿಕ್ ಕಾಫರನು ದ್ವಾರಸಮುದ್ರದ ಮೇಲೆ ದಾಳಿ ಮಾಡಿದ್ದನು. ರಾಜಧಾನಿಯು ನಡುಗಿದ ಕಾಲದಲ್ಲಿ ದಕ್ಷಿಣದ ಗಡಿ, ಘಟ್ಟದ ದಾರಿಗಳು, ಬೆಟ್ಟದ ಕೋಟೆಗಳು ಎಷ್ಟು ಮುಖ್ಯವಾಗಿದ್ದವೆಂದು ಊಹಿಸುವುದು ಕಷ್ಟವಲ್ಲ. ಆ ಗಡಿಯನ್ನು ಕಾದವರು ತೆರಕಣಾಂಬಿಯಿಂದ ಆಳುತ್ತಿದ್ದ ಪೆರುಮಾಳ ದಣ್ಣಾಯಕ ಹಾಗೂ ಅವನ ಮಗ ಮಾಧವ ದಣ್ಣಾಯಕ. ನೀಲಗಿರಿಯನ್ನು ಗೆದ್ದವನೆಂಬ ಅರ್ಥದ 'ನೀಲಗಿರಿಸಾಧಾರ' ಎಂಬ ಬಿರುದು ಆ ಮನೆತನದ್ದು. ಘಟ್ಟದ ಕೆಳಗೆ ಭವಾನಿ ನದಿಯ ತೀರದಲ್ಲಿಯೂ ಅವರದೊಂದು ಕೋಟೆಯಿತ್ತು. ದಣ್ಣಾಯಕನಕೋಟೆಯೆಂಬ ಆ ಊರು 1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬರಗಾಲದಲ್ಲಿ ಜಲಾಶಯ ಬತ್ತಿದಾಗ ಮಾತ್ರ ಅಲ್ಲಿನ ದೇಗುಲದ ಕಲ್ಲುಗಳು ಮತ್ತೆ ಬಿಸಿಲು ಕಾಣುತ್ತವೆ.

ಗೋಪಾಲಸ್ವಾಮಿ ಬೆಟ್ಟದ ಮೇಲಿದ್ದ ಕೋಟೆಗೆ ಬೆಟ್ಟದಕೋಟೆ ಎಂದೇ ಹೆಸರು. ಒಂಬತ್ತು ಮಂದಿ ಅಣ್ಣತಮ್ಮಂದಿರು, ನವದಣ್ಣಾಯಕರು, ಅಲ್ಲಿ ಆಳಿದರೆಂದೂ ಅವರಲ್ಲಿ ಹಿರಿಯನು ಪೆರುಮಾಳ ದಣ್ಣಾಯಕನೆಂದೂ ಐತಿಹ್ಯ. ಅಣ್ಣತಮ್ಮಂದಿರಲ್ಲಿ ಒಡಕು ಹುಟ್ಟಿ, ನಾಲ್ವರು ಬೇರೆಯಾಗಿ ನಂಜನಗೂಡಿನ ಕಡೆ ಹೋಗಿ, ಮತ್ತೆ ಬಂದು ಬೆಟ್ಟದಕೋಟೆಗೇ ಮುತ್ತಿಗೆ ಹಾಕಿದರಂತೆ. ಮುತ್ತಿಗೆಯು ಮೂರು ವರ್ಷ ನಡೆಯಿತಂತೆ. ಕೊನೆಗೆ ಮಂಚೆ ದಣ್ಣಾಯಕನು ಕುದುರೆಯನ್ನು ಕೋಟೆಯ ಮೇಲಿಂದ ಹಾರಿಸಿ ಪಾರಾದನೆಂದು ಕಥೆ. ನಂಜನಗೂಡು ತಾಲ್ಲೂಕಿನ ಹೆಡತಲೆಯ ಲಕ್ಷ್ಮೀಕಾಂತ ದೇವಾಲಯದಲ್ಲಿರುವ ಹದಿನಾರು ಮುಖದ ಚಾವಡಿಯ ಕಥೆಯೂ ಇದೇ ಬಳಗಕ್ಕೆ ಸೇರಿದ್ದು: ದಣ್ಣಾಯಕನಿಗೆ ಹದಿನಾರು ಮಂದಿ ಅಳಿಯಂದಿರು, ಯಾರು ಮೇಲು ಯಾರು ಕೆಳಗೆ ಎಂಬ ಜಗಳ ಬಾರದಂತೆ ಒಬ್ಬೊಬ್ಬರಿಗೂ ಒಂದೊಂದು ಮುಖ! ಅಳಿಯಂದಿರ ಮರ್ಯಾದೆಯ ಪ್ರಶ್ನೆಯು ಇಂದು ನಿನ್ನೆಯದಲ್ಲವೆಂದು ನಮ್ಮ ಮನೆಯ ಹಿರಿಯ ತಾಯಂದಿರು ಇದನ್ನು ಓದಿ ನಕ್ಕರೆ ತಪ್ಪಿಲ್ಲ.

ಇಷ್ಟೆಲ್ಲ ನಮಗೆ ತಿಳಿದುಬಂದಿರುವುದು ಯಾವ ಕಾರಣದಿಂದ? ದಣ್ಣಾಯಕರು ಕಲ್ಲಿನಲ್ಲಿ ಬರೆಯಿಸಿದರು. ಬಿ. ಎಲ್. ರೈಸ್ ಅವರು ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಶಾಸನಗಳನ್ನು ಸಂಗ್ರಹಿಸಿ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆಳುವವರಿಗೆ ಕಲ್ಲೂ ಇತ್ತು, ಕಲ್ಲುಕುಟಿಗನಿಗೆ ಕೊಡಲು ಹೊನ್ನೂ ಇತ್ತು. ಬೆಟ್ಟದ ಬುಡದಲ್ಲಿ ನೇಗಿಲು ಹಿಡಿದ ಒಕ್ಕಲಿಗೂ ಊರೂರು ಸುತ್ತುತ್ತಿದ್ದ ಜಂಗಮನಿಗೂ ಅದು ಎಲ್ಲಿಂದ ಬರಬೇಕು? ಅವರ ಚರಿತ್ರೆಯು ಬಾಯಿಮಾತಿನಲ್ಲಿ ಉಳಿಯಿತು, ಮಠದ ಓಲೆಗರಿಗಳಲ್ಲಿ ಉಳಿಯಿತು. ಬಾಯಿ ಮುಚ್ಚಿದರೆ, ಗರಿ ಗೆದ್ದಲು ಹಿಡಿದರೆ, ಅಲ್ಲಿಗೆ ಮುಗಿಯಿತು.

ಇದಕ್ಕೊಂದು ಕಠೋರವಾದ ನಿದರ್ಶನವು ಹಂಗಳದಿಂದಲೇ ಆರಂಭವಾಗುತ್ತದೆ. ಇಂದು ಬೆಟ್ಟಕ್ಕೆ ತಿರುಗುವ ಕವಲುದಾರಿಯ ಊರೆಂದಷ್ಟೇ ಪ್ರವಾಸಿಗರು ಬಲ್ಲ ಹಂಗಳದಲ್ಲಿ, 17ನೆಯ ಶತಮಾನದಲ್ಲಿ, ಮೈಸೂರಿನ ದೊಡ್ಡದೇವರಾಜ ಒಡೆಯರ ಆಳ್ವಿಕೆಯ ಕಾಲಕ್ಕೆ, ಮುಂದೆ ದೊರೆಯಾಗಲಿದ್ದ ಚಿಕ್ಕದೇವರಾಜರೂ ಅವರ ತಂದೆಯೂ ಕಾವಲಿನಲ್ಲಿ ದಿನ ಕಳೆದರು. 1673ರಲ್ಲಿ ಪಟ್ಟವೇರಿದ ಮೇಲೆ ಚಿಕ್ಕದೇವರಾಜರು, ತಂದೆಯ ಅಂತ್ಯಕ್ರಿಯೆ ನಡೆದ ಸ್ಥಳದಲ್ಲಿ ಅಗ್ರಹಾರವನ್ನು ನಿರ್ಮಿಸಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದರು. ಅಂದಿನವರೆಗೆ ವಿಜಯಪುರವೆನಿಸಿದ್ದ ಊರು ಗುಂಡ್ಲುಪೇಟೆಯಾಗಿ ಬೆಳೆದದ್ದು ಹೀಗೆ.

ಚಿಕ್ಕದೇವರಾಜರ ಯೌವನದ ಒಡನಾಡಿಗಳಲ್ಲಿ ಜೈನರಾದ ವಿಶಾಲಾಕ್ಷ ಪಂಡಿತರಿದ್ದರು, ಶ್ರೀವೈಷ್ಣವರಾದ ತಿರುಮಲಾರ್ಯರಿದ್ದರು. ರಾಜಶೇಖರ ವಿಳಾಸವನ್ನು ಬರೆದ ನಮ್ಮ ಷಡಕ್ಷರದೇವರೂ ಆ ಬಳಗದಲ್ಲಿದ್ದರೆಂದು ಹೇಳುವುದುಂಟು; ಅವರು ನೆಲೆಸಿದ್ದ ಯಳಂದೂರು ಇಲ್ಲಿಂದ ದೂರವೇನಲ್ಲ. ಅದೇ ಯಳಂದೂರಿನ ಸಂಚಿಯ ಹೊನ್ನಮ್ಮ ಈ ದೊರೆಯ ಅರಮನೆಯಲ್ಲಿದ್ದುಕೊಂಡೇ ಹದಿಬದೆಯ ಧರ್ಮವನ್ನು ರಚಿಸಿದಳು. ಇಷ್ಟು ವಿದ್ಯಾಪಕ್ಷಪಾತಿಯಾದ ದೊರೆಯ ಕಾಲದಲ್ಲಿಯೇ ನಮ್ಮ ಸಮಾಜದ ಮೇಲೆ ಘೋರವಾದ ಆಘಾತವೊಂದು ಬಿದ್ದಿತೆಂಬುದನ್ನು ಹಿರಿಯರು ಮೆಲುದನಿಯಲ್ಲಿ ಹೇಳುತ್ತ ಬಂದಿದ್ದಾರೆ.

ಇದನ್ನು ವಿಸ್ತಾರವಾಗಿ ಬರೆದವನು ಕರ್ನಲ್ ಮಾರ್ಕ್ ವಿಲ್ಕ್ಸ್. ಅವನ ಇತಿಹಾಸಗ್ರಂಥದ ಮೊದಲ ಸಂಪುಟವು 1810ರಲ್ಲಿ ಪ್ರಕಟವಾಯಿತು. ಅವನು ಹೇಳುವಂತೆ, ಕಂದಾಯದ ಹೊರೆ ಹೆಚ್ಚಿದಾಗ ರೈತರು ಬೇಸಾಯವನ್ನೇ ಕೈಬಿಟ್ಟರು. ಊರಬಾಗಿಲ ಮರಗಳಿಗೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರು. ಒಂದು ಸೀಮೆಯ ಒಕ್ಕಲೆಲ್ಲ ದೊರೆಗೆ ತಿಳಿಯುವಂತೆ ಹೂಡಿದ ಮೌನದ ಪ್ರತಿಭಟನೆ ಅದು. ರೈತರ ಬೆನ್ನಿಗೆ ನಿಂತವರು ಜಂಗಮರೆಂದು ಅರಮನೆಯು ಭಾವಿಸಿತು. ಮಾತುಕತೆಗೆಂದು ನಂಜನಗೂಡಿಗೆ ಕರೆಯಿಸಿದ ನಾನೂರಕ್ಕೂ ಮಿಕ್ಕಿದ ಜಂಗಮರನ್ನು ಕೊಲ್ಲಿಸಲಾಯಿತೆಂದೂ, ಅದೇ ದಿನ ರಾಜ್ಯದ ಏಳುನೂರಕ್ಕೂ ಹೆಚ್ಚು ಮಠಗಳನ್ನು ನೆಲಸಮ ಮಾಡಲು ಆಜ್ಞೆಯಾಯಿತೆಂದೂ ವಿಲ್ಕ್ಸ್ ಬರೆಯುತ್ತಾನೆ. ಮಂತ್ರಿ ವಿಶಾಲಾಕ್ಷ ಪಂಡಿತರು 1686ರ ಸುಮಾರಿಗೆ ಹತರಾದರು.

ಘಟನೆ ನಡೆದ ನೂರಿಪ್ಪತ್ತು ವರ್ಷಗಳ ಮೇಲೆ ಬರೆದ ಈ ವೃತ್ತಾಂತದ ವಿವರಗಳನ್ನು ಕುರಿತು ನಂತರದ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಂಖ್ಯೆಗಳನ್ನು ಹಾಗೆಯೇ ಒಪ್ಪುವವರೂ ಇದ್ದಾರೆ, ಉತ್ಪ್ರೇಕ್ಷೆಯೆನ್ನುವವರೂ ಇದ್ದಾರೆ. ಮುನ್ನೂರು ವರ್ಷಗಳ ಹಿಂದಿನ ಈ ನೋವನ್ನು ಹಿಡಿದು ಇಂದು ಯಾರ ಮೇಲೂ, ಅದರಲ್ಲಿಯೂ ನಮ್ಮ ನೆರೆಹೊರೆಯ ಜೈನಬಂಧುಗಳ ಮೇಲೆ, ಮುನಿಸು ತಾಳುವುದು ಶರಣಧರ್ಮಕ್ಕೆ ಒಪ್ಪುವ ಕೆಲಸವಲ್ಲ. ಹಾಗೆಂದು ಮುಚ್ಚಿಡುವುದೂ ಸಲ್ಲ. ನನಗೆ ಕಾಡುವ ಪ್ರಶ್ನೆ ಬೇರೆ. ವಿಲ್ಕ್ಸನ ಏಳುನೂರರಲ್ಲಿ ಅರ್ಧದಷ್ಟೇ ಮಠಗಳು ಹಾಳಾದವೆಂದು ಇಟ್ಟುಕೊಂಡರೂ, ಅವುಗಳೊಂದಿಗೆ ಎಷ್ಟು ಓಲೆಗಟ್ಟುಗಳು, ಎಷ್ಟು ಊರುಗಳ ಲೆಕ್ಕ, ಎಷ್ಟು ಮನೆತನಗಳ ನೆನಪು ಬೂದಿಯಾಗಿರಬೇಕು! ಕೊಲೆಯಾದ ಜಂಗಮರಲ್ಲಿ ಒಬ್ಬರ ಹೆಸರನ್ನಾದರೂ ನಾವು ಇಂದು ಮಕ್ಕಳಿಗೆ ಹೇಳಬಲ್ಲೆವೆ? ದೊರೆಯ ತಂದೆಯ ಸ್ಮರಣೆಗೆ ಒಂದು ಊರೇ ನಿಂತಿತು. ನೇಗಿಲನ್ನು ಮರಕ್ಕೆ ಕಟ್ಟಿದವನ ಹೆಸರು ಅವನ ಮರಿಮಕ್ಕಳಿಗೂ ಉಳಿಯಲಿಲ್ಲ. ನಮ್ಮ ಇತಿಹಾಸವನ್ನು ನಾವು ಪರದೇಶದ ಸೈನ್ಯಾಧಿಕಾರಿಯೊಬ್ಬನ ಪುಸ್ತಕದಿಂದ ಓದಬೇಕಾಗಿ ಬಂದಿತಲ್ಲ, ಅದೇ ಸಂಕಟದ ಸಂಗತಿ.

ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆ ಹೊರಟರೆ ಮೊದಲು ಸಿಗುವುದು ತೆರಕಣಾಂಬಿ. ದಣ್ಣಾಯಕರ ರಾಜಧಾನಿಯೆಂದು ಮೇಲೆ ಹೇಳಿದ ಊರು ಇದೇ. ಸಮೀಪದ ತ್ರಿಯಂಬಕಪುರದಲ್ಲಿ ತ್ರಿಯಂಬಕೇಶ್ವರನ ದೊಡ್ಡ ದೇವಾಲಯವಿದೆ. ಪುಟ್ಟ ಹಳ್ಳಿಯ ನಡುವೆ ಅಷ್ಟು ವಿಸ್ತಾರವಾದ ಕಲ್ಲುಕಟ್ಟಡವನ್ನು ಕಂಡವರು ಬೆರಗಾಗದಿರಲಾರರು. ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರು. ತಮ್ಮ ತಂದೆಯವರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಹೊಸ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಇವೆಲ್ಲ ಶಾಲೆಯ ಮಕ್ಕಳೂ ಬಲ್ಲ ಸಂಗತಿಗಳು.

ಮಕ್ಕಳಿಗೆ ಯಾರೂ ಹೇಳದಿರುವುದು ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಹರದನಹಳ್ಳಿಯ ಸಂಗತಿ. ಹೆಸರು ಕೇಳಿದೊಡನೆ ಮಾಜಿ ಪ್ರಧಾನಿಯವರ ಹುಟ್ಟೂರೇ ಎಂದು ಕೇಳುವವರುಂಟು. ಅದು ಹೊಳೆನರಸೀಪುರದ ಹರದನಹಳ್ಳಿ, ಬೇರೆಯೇ ಊರು. ನಾವು ಹೇಳುತ್ತಿರುವ ಹರದನಹಳ್ಳಿಯಲ್ಲಿ ದಿವ್ಯಲಿಂಗೇಶ್ವರನ ಪುರಾತನ ದೇವಾಲಯವಿದೆ. ಶಾಸನಗಳು ಈ ದೇವರನ್ನು ಅನಿಲೇಶ್ವರನೆಂದು ಕರೆಯುತ್ತವೆ. ಅದಕ್ಕಿಂತ ಮಿಗಿಲಾಗಿ, ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯನ್ನು ಪಡೆದ ತೋಂಟದ ಸಿದ್ಧಲಿಂಗ ಯತಿಗಳ ಮೂಲ ಈ ಊರು. ಮಲ್ಲಿಕಾರ್ಜುನ, ಜ್ಞಾನಾಂಬೆಯರ ಮಗನಾಗಿ ಜನಿಸಿದ ಬಾಲಕನನ್ನು ಶಿಷ್ಯನನ್ನಾಗಿ ಸ್ವೀಕರಿಸಿದವರು ಗೋಸಲ ಚೆನ್ನಬಸವೇಶ್ವರರು. ಅಲ್ಲಮಪ್ರಭುದೇವರಿಂದ ಹರಿದುಬಂದ ಶೂನ್ಯಪೀಠದ ಪರಂಪರೆಯು ಗೋಸಲ ಚೆನ್ನಬಸವೇಶ್ವರರ ಮೂಲಕ ಸಿದ್ಧಲಿಂಗರಿಗೆ ಬಂದಿತೆಂದು ಸಂಪ್ರದಾಯವು ಹೇಳುತ್ತದೆ.

ಎಡೆಯೂರಿಗೆ ಹೋಗದ ಲಿಂಗವಂತರ ಮನೆ ಹಳೆಯ ಮೈಸೂರಿನಲ್ಲಿ ವಿರಳ. ಮಗುವಿನ ಜವಳ ತೆಗೆಯಿಸಲು, ಹರಕೆ ತೀರಿಸಲು, ತೇರು ನೋಡಲು ಅಲ್ಲಿಗೆ ಹೋಗುತ್ತೇವೆ. ಕಗ್ಗೆರೆಯ ತೋಟದಲ್ಲಿ ಹುತ್ತ ಬೆಳೆಯುವಷ್ಟು ಕಾಲ ಅವರು ಶಿವಯೋಗದಲ್ಲಿದ್ದರೆಂಬ ಕಥೆಯನ್ನು ಅಜ್ಜಿಯರು ಹೇಳುತ್ತಾರೆ. ಆದರೆ ಆ ಮಹಾನುಭಾವರು ಮೊದಲು ನಡೆದಾಡಿದ ಹರದನಹಳ್ಳಿಯ ಬೀದಿಗೆ ಬಂದವರೆಷ್ಟು ಮಂದಿ? ಗೋಪಾಲಸ್ವಾಮಿ ಬೆಟ್ಟಕ್ಕೆ ಬರುವ ಕುಟುಂಬಗಳಲ್ಲಿ ಹತ್ತಕ್ಕೆ ಒಂದು ಹರದನಹಳ್ಳಿಯವರೆಗೆ ಬಂದರೂ ಆ ಊರಿನ ಚಹರೆಯೇ ಬೇರೆಯಾಗುತ್ತಿತ್ತು.

ಸಿದ್ಧಲಿಂಗರ ಹಿರಿಮೆಯು ಕೇವಲ ತಪಸ್ಸಿನಲ್ಲಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದ ಮೇಲೆ ಶರಣರು ದಿಕ್ಕುದಿಕ್ಕಿಗೆ ಚದುರಿದರು, ವಚನಗಳೂ ಚದುರಿದವು. ಅವುಗಳನ್ನು ಕಲೆಹಾಕಿ, ಕ್ರಮಪಡಿಸಿ, ಅರ್ಥ ಬಿಡಿಸಿ ಬರೆದಿಡುವ ಮಹತ್ಕಾರ್ಯವು 15 ಮತ್ತು 16ನೆಯ ಶತಮಾನಗಳಲ್ಲಿ ನಡೆಯಿತು. ಸಿದ್ಧಲಿಂಗರು ಸ್ವತಃ 701 ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತವನ್ನು ರಚಿಸಿದರು. ಅವರ ಶಿಷ್ಯಪರಂಪರೆಗೆ ಸೇರಿದ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳೂ ಗೂಳೂರು ಸಿದ್ಧವೀರಣ್ಣೊಡೆಯರೂ ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದರು. ವಿರಕ್ತ ತೋಂಟದಾರ್ಯರು ಸಿದ್ಧೇಶ್ವರ ಪುರಾಣದಲ್ಲಿ ಗುರುವಿನ ಚರಿತ್ರೆಯನ್ನು ಹಾಡಿದರು. ಬರೆದಿಟ್ಟವರಿದ್ದುದರಿಂದ ವಚನಗಳು ಉಳಿದವು. ಮತ್ತೆ ನಾಲ್ಕು ಶತಮಾನಗಳ ಮೇಲೆ ಫ. ಗು. ಹಳಕಟ್ಟಿಯವರು ಮನೆಮನೆಯ ಅಟ್ಟದಿಂದ, ಮಠಗಳ ಪೆಟ್ಟಿಗೆಗಳಿಂದ ಓಲೆಗರಿಗಳನ್ನು ಹುಡುಕಿ ತೆಗೆದು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಪೂಜೆಯ ಕೋಣೆಯಲ್ಲಿ ಅರಿಸಿನ ಕುಂಕುಮ ಹಚ್ಚಿ ಇಟ್ಟಿದ್ದ ಕಟ್ಟುಗಳನ್ನು ಬಿಚ್ಚಿ ಓದುವ ಧೈರ್ಯವನ್ನು ಅವರು ನಮಗೆ ಕಲಿಸಿದರು.

ಬೆಟ್ಟದ ಆಚೆ ಬದಿಯನ್ನೂ ಮರೆಯಬಾರದು. ಘಟ್ಟ ಹತ್ತಿ ನೀಲಗಿರಿಗೆ ಹೋದರೆ ಬಡಗರ ಹಟ್ಟಿಗಳು. ಬಡಗರೆಂದರೆ ಬಡಗಣ ದಿಕ್ಕಿನಿಂದ, ಅಂದರೆ ನಮ್ಮ ಕಡೆಯಿಂದ, ಹೋದವರು. ಅವರ ಮಾತು ಕನ್ನಡದ ಒಡಹುಟ್ಟು. ಅವರಲ್ಲಿ ಒಡೆಯರೆಂಬ ಪಂಗಡದವರು ಲಿಂಗಧಾರಿಗಳು. ಮೈಸೂರು ಸೀಮೆಯ ಊರುಗಳಿಂದ ಹಿರಿಯರು ಬಂದರೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಬಿಟ್ಟು ಹೋದವರು ಊರಿನ ದಿಕ್ಕನ್ನೇ ತಮ್ಮ ಹೆಸರಾಗಿ ಉಳಿಸಿಕೊಂಡಿರುವಾಗ, ಇಲ್ಲಿಯೇ ಉಳಿದ ನಾವು ಅವರ ಸುದ್ದಿಯನ್ನೇ ಮರೆತಿದ್ದೇವೆ.

ಕಾಡಿನ ಅಂಚಿನ ಊರುಗಳ ನೆನಪಿಗೆ ಇನ್ನೊಂದು ತೊಡಕಿದೆ. 1941ರಲ್ಲಿ ಮೈಸೂರು ಸಂಸ್ಥಾನವು ಈ ಅರಣ್ಯವನ್ನು ವನ್ಯಜೀವಿಧಾಮವಾಗಿ ವಿಸ್ತರಿಸಿದಾಗ ಬೆಟ್ಟದ ಸ್ವಾಮಿಯ ಹೆಸರಿನಲ್ಲಿಯೇ ಅದನ್ನು ವೇಣುಗೋಪಾಲ ವನ್ಯಜೀವಿಧಾಮವೆಂದು ಕರೆಯಿತು. 1973ರಲ್ಲಿ ಹುಲಿ ಯೋಜನೆ ಬಂದಾಗ ದೇಶದ ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು. 2009ರಿಂದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿಯ ವಾಹನಸಂಚಾರವೂ ನಿಂತಿದೆ. ಹುಲಿಯನ್ನೇ ವಾಹನವಾಗಿ ಉಳ್ಳ ಮಾದಪ್ಪನ ಒಕ್ಕಲಾದ ನಮಗೆ ಹುಲಿಯ ರಕ್ಷಣೆ ಬೇಡವೆನ್ನುವ ಮನಸ್ಸು ಬಾರದು. ಕಾಡು ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಹಿಂದೆ ದನ ಮೇಯಿಸಲು, ಸೌದೆಗೆ, ಹಬ್ಬಕ್ಕೆ ಕಾಡಿನೊಳಗೆ ನಡೆದಾಡಿದ ಜನರಿಗೆ ತಿಳಿದಿದ್ದ ಹಳೆಯ ಕಾಲುದಾರಿ, ಪಾಳುಗುಡಿ, ವೀರಗಲ್ಲುಗಳನ್ನು ಇಂದಿನ ಹುಡುಗರು ಹೋಗಿ ನೋಡುವಂತಿಲ್ಲ. ಕಂಡವರ ಬಾಯಿಂದ ಕೇಳಿ ಬರೆದುಕೊಳ್ಳುವುದೊಂದೇ ಉಳಿದಿರುವ ಮಾರ್ಗ. ಕಂಡವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ.

ಇಂಥ ಕೆಲಸವನ್ನು ಬೇರೆಯವರು ಹೇಗೆ ಮಾಡಿದರೆಂದು ಒಂದು ನಿದರ್ಶನ ಕೊಡುತ್ತೇನೆ. ಸ್ಕಾಟ್ಲೆಂಡ್ ನಮ್ಮ ರಾಜ್ಯದ ಅರ್ಧದಷ್ಟೂ ವಿಸ್ತೀರ್ಣವಿಲ್ಲದ ಬೆಟ್ಟಗಾಡಿನ ದೇಶ. ಅಲ್ಲಿ 1790ರಲ್ಲಿ ಸರ್ ಜಾನ್ ಸಿಂಕ್ಲೇರ್ ಎಂಬ ಜಮೀನುದಾರರು ಪ್ರತಿಯೊಂದು ಊರಿನ ಚರ್ಚಿನ ಪಾದ್ರಿಗೆ 160ಕ್ಕೂ ಹೆಚ್ಚು ಪ್ರಶ್ನೆಗಳ ಒಂದು ಪಟ್ಟಿಯನ್ನು ಕಳುಹಿಸಿದರು. ನಿಮ್ಮ ಊರಿನ ಹೆಸರಿನ ಅರ್ಥವೇನು, ಬೆಟ್ಟ ಹೊಳೆಗಳಾವುವು, ಬೆಳೆಯೇನು, ಕೂಲಿಯೆಷ್ಟು, ಹಳೆಯ ಕಟ್ಟಡಗಳಾವುವು, ಹಿರಿಯರ ಕಥೆಗಳೇನು ಎಂಬಂಥ ಪ್ರಶ್ನೆಗಳು. ಪಾದ್ರಿಗಳೇ ಉತ್ತರ ಬರೆದರು. ಬರೆಯದವರಿಗೆ ಮತ್ತೆ ಮತ್ತೆ ಓಲೆ ಹೋಯಿತು. 1791ರಿಂದ 1799ರೊಳಗೆ 21 ಸಂಪುಟಗಳು ಹೊರಬಂದವು. 938 ಊರುಗಳ ವೃತ್ತಾಂತ ಅದರಲ್ಲಿದೆ. ಇಂದು ಅಲ್ಲಿನ ಮೂಲೆಯ ಹಳ್ಳಿಯವನೂ ತನ್ನ ಊರು ಇನ್ನೂರು ವರ್ಷಗಳ ಹಿಂದೆ ಹೇಗಿತ್ತೆಂದು ತೆರೆದು ಓದಬಲ್ಲ. ಪಾದ್ರಿಯು ಊರಿನ ಪ್ರತಿ ಮನೆಯನ್ನೂ ಬಲ್ಲವನಾದುದರಿಂದ ಇದು ಸಾಧ್ಯವಾಯಿತು. ನಮ್ಮಲ್ಲಿ ಪ್ರತಿ ಮನೆಯನ್ನೂ ಬಲ್ಲವರು ಯಾರು? ಮಠದ ಅಯ್ಯನವರಲ್ಲವೇ? ಹುಟ್ಟಿಗೆ, ದೀಕ್ಷೆಗೆ, ಮದುವೆಗೆ, ಲಿಂಗೈಕ್ಯರಾದ ದಿನಕ್ಕೆ ಮನೆಯ ಹೊಸ್ತಿಲು ತುಳಿಯುವವರು ಅವರೇ.

ಆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ ನಮ್ಮ ಸೀಮೆಗೇ ಬಂದಿದ್ದನು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಮೈಸೂರಿನ ಭೂಮಾಪನಕ್ಕೆ ನೇಮಕಗೊಂಡವನು, ನೆಲ ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಬರೆಯಿಸಿಕೊಂಡನು. 1804ರಲ್ಲಿ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಗೆ ಬಂದಾಗ ಅವನಿಗೆ ಸ್ಥಳದ ಸಂಗತಿಗಳನ್ನು ತಿಳಿಸಿದವರು ದೇವಚಂದ್ರರೆಂಬ ಜೈನ ಪಂಡಿತರು. ಆ ದೇವಚಂದ್ರರೇ ಮುಂದೆ ರಾಜಾವಳಿ ಕಥೆಯನ್ನು ಬರೆದರು. ಮೆಕೆಂಜಿ ತಾನು ಕೂಡಿಸಿದ್ದನ್ನು ಗ್ರಂಥವಾಗಿ ಬರೆಯುವ ಮುನ್ನವೇ 1821ರಲ್ಲಿ ತೀರಿಕೊಂಡನು. ಕಾಗದಗಳು ಮಾತ್ರ ಚೆನ್ನೈ, ಲಂಡನ್ನುಗಳ ಗ್ರಂಥಭಂಡಾರಗಳಲ್ಲಿ ಉಳಿದಿವೆ. ಕನಕಗಿರಿಯಲ್ಲಿ ಬರೆಯಬಲ್ಲ ಒಬ್ಬರಿದ್ದುದರಿಂದ ಆ ಬೆಟ್ಟದ ಜೈನರ ಕಥೆಗೆ ನೆಲೆ ಸಿಕ್ಕಿತು. ಕೆಲವೇ ಹರದಾರಿಗಳಾಚೆಯ ನಮ್ಮ ಊರುಗಳಲ್ಲಿ ಎಷ್ಟು ಮಂದಿ ಬರೆಯಿಸಿದರು?

ಆದುದರಿಂದ ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡು, ಯಳಂದೂರು, ಕೊಳ್ಳೇಗಾಲದ ಸೀಮೆಯ ನಮ್ಮ ಓದುಗ ಮನೆಗಳಲ್ಲಿ ಒಂದು ವಿನಂತಿ. ದೀಪಾವಳಿಯ ರಜೆಗೆ ಮಕ್ಕಳು ಊರಿಗೆ ಬಂದಾಗ ಅಜ್ಜ ಅಜ್ಜಿಯರ ಬಳಿ ಕುಳ್ಳಿರಿಸಿ, ನೂರು ಹಾಳೆಯ ಪುಸ್ತಕವೊಂದನ್ನು ಕೈಗೆ ಕೊಡಿ. ಮನೆತನವು ಯಾವ ಊರಿನಿಂದ ಬಂದಿತು, ಯಾವ ಮಠದ ಒಕ್ಕಲು, ಮನೆದೇವರು ಯಾವುದು, ಏಕೆ ಎಂದು ಮೊದಲು ಕೇಳಲಿ. ಬಳಿಕ ಹೊಲಗಳ ಹೆಸರು. ಪಹಣಿಯಲ್ಲಿ ಈಗ ಸರ್ವೆ ನಂಬರು ಮಾತ್ರ ಇರುತ್ತದೆ. ಹೊಲಕ್ಕಿದ್ದ ಹಳೆಯ ಹೆಸರಿನಲ್ಲಿ ಒಂದು ಕೆರೆಯೋ ಒಬ್ಬ ದಾನಿಯೋ ಹಾಳಾದ ಊರೋ ಅಡಗಿರುತ್ತದೆ. ಹೊಲದ ಬದುವಿನ ಗದ್ದುಗೆ ಯಾರದು, ಅಲ್ಲಿಗೆ ಯಾರು ಯಾವಾಗ ಎಡೆ ಒಯ್ಯುತ್ತಿದ್ದರು? ಸೊಸೆಯಾಗಿ ಬಂದ ತಾಯಂದಿರನ್ನು ಎರಡು ಊರಿನ ಸಂಗತಿ ಕೇಳಬೇಕು. ತವರಿನದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಅವರಿಗೆ ನೆನಪಿರುವುದು ಅದೇ ಹೆಚ್ಚು. ಸುಗ್ಗಿಯಲ್ಲಿ ಹೇಳವರು ಬಂದು ವಂಶಾವಳಿ ಓದಿದರೆ ಅಕ್ಕಿ ಬೇಳೆ ಕೊಟ್ಟು ಕಳುಹಿಸಿಬಿಡದೆ, ಅವರು ಓದಿದ್ದನ್ನು ಪುಸ್ತಕಕ್ಕೆ ಇಳಿಸಿಕೊಳ್ಳಿ.

ಅಟ್ಟದ ಮೇಲಿನ ಓಲೆಗರಿಗಳಿಗೆ ಎಣ್ಣೆ ಅರಿಸಿನ ಹಚ್ಚಿ ಕೆಡಿಸಬೇಡಿ. ಒಣಬಟ್ಟೆಯಲ್ಲಿ ಸುತ್ತಿಟ್ಟು, ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಅಥವಾ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಬಲ್ಲವರಿಗೆ ತೋರಿಸಿ. ಹೊಲದಲ್ಲಿಯೋ ಗುಡಿಯ ಹಿಂದೆಯೋ ಅಕ್ಷರವಿರುವ ಕಲ್ಲು ಕಂಡರೆ ಬಟ್ಟೆ ಒಗೆಯುವ ಕಲ್ಲಾಗಲು ಬಿಡಬೇಡಿ, ಸುಣ್ಣ ಬಳಿಯಬೇಡಿ, ಮೊಳೆಯಿಂದ ಕೆರೆಯಬೇಡಿ. ನೀರು ಚಿಮುಕಿಸಿ ಮೆತ್ತಗಿನ ಪೊರಕೆಯಿಂದ ಮಣ್ಣು ತೆಗೆದರೆ ಸಾಕು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಮೊಬೈಲಿನಿಂದ ತೆಗೆದ ಚಿತ್ರದಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಅಂಥ ಚಿತ್ರವನ್ನು ಪತ್ರಿಕೆಗೆ ಕಳುಹಿಸುವವರು ಊರು, ಹೊಲದ ಹೆಸರು, ಕಲ್ಲು ಯಾವ ದಿಕ್ಕಿಗೆ ಮುಖಮಾಡಿ ನಿಂತಿದೆ ಎಂಬುದನ್ನು ಜೊತೆಯಲ್ಲಿ ಬರೆಯಬೇಕಾಗಿ ಕೋರಿಕೆ.